ಚರ್ಚ್ ಮೇಲೆ ಸಿಟ್ಟಿದೆ, ಬಿಡೋಕೂ ಮನಸ್ಸಿಲ್ಲ: ಆಗ ಏನು ಮಾಡಬೇಕು?

ಭಾನುವಾರ ಪೂಜೆಗೆ ಹೊರಡಲು ಕಾಲೇ ಬರುವುದಿಲ್ಲ. ಹೋಗದೆ ಮನೆಯಲ್ಲೇ ಕೂತರೆ ಸಂಜೆವರೆಗೂ ಏನೋ ಕಳೆದುಕೊಂಡ ಹಾಗೆ. ನಾನು ಹೀಗೆ ಸುಮಾರು 3 ವರ್ಷ ಇದ್ದೆ. ಆಗ ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದನ್ನು ಮಾತ್ರ ಹೇಳುತ್ತೇನೆ.

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮನ್ನು ಕಾಡುವುದನ್ನೆಲ್ಲ ಬರೆಯಿರಿ. ಇದು ಸಣ್ಣದು, ಇದು ದೊಡ್ಡದು ಅಂತ ಆರಿಸಬೇಡಿ. ಆಮೇಲೆ ಪ್ರತಿಯೊಂದರ ಮುಂದೆ ‘ದೇವರು’ ಅಥವಾ ‘ಜನ’ ಅಂತ ಗುರುತು ಹಾಕಿ. ನನ್ನ ಪಟ್ಟಿಯಲ್ಲಿ 11 ಇದ್ದವು, ಅದರಲ್ಲಿ 9ರ ಮುಂದೆ ‘ಜನ’ ಅಂತಲೇ ಬಂತು: ಅಮ್ಮ ತೀರಿಕೊಂಡ ವಾರ ಪೂಜೆ ಇಡಿಸಲು ಹೋದಾಗ ತಲೆ ಎತ್ತಿ ನೋಡದ ಗುರುಗಳು (ಅಂದರೆ ಪಾದ್ರಿ), ಲೆಕ್ಕ ಕೇಳಿದ್ದಕ್ಕೆ ಗದರಿದ ಕಮಿಟಿಯವರು, ಹೀಗೆ. ಉಳಿದ ಎರಡು ಮಾತ್ರ ದೇವರನ್ನೇ ಕೇಳಬೇಕಾದ ಪ್ರಶ್ನೆಗಳು. ಸಿಟ್ಟು ಬೇರೆ, ಸಂಶಯ ಬೇರೆ. ನಾನು ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಹೊತ್ತುಕೊಂಡಿದ್ದೆ.

ಸಿಟ್ಟಿನ ಕಡೆಗೆ ಬರೋಣ. ಧರ್ಮಸಭೆಯ, ಅಂದರೆ ಇಡೀ ಕಥೋಲಿಕ ಚರ್ಚಿನ, ಕಾನೂನೇ ನಮಗೆ ಎಷ್ಟು ಜಾಗ ಕೊಟ್ಟಿದೆ ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಭಾನುವಾರದ ಪೂಜೆಯನ್ನು ನಿಮ್ಮ ಚರ್ಚಿನಲ್ಲೇ ನೋಡಬೇಕು ಅಂತೇನಿಲ್ಲ, ಯಾವ ಕಥೋಲಿಕ ಚರ್ಚಿನಲ್ಲಾದರೂ ಆಗುತ್ತದೆ, ಶನಿವಾರ ಸಂಜೆಯದ್ದೂ ನಡೆಯುತ್ತದೆ. ಪಾಪನಿವೇದನೆಗೆ ನಿಮಗೆ ಬೇಕಾದ ಗುರುಗಳ ಹತ್ತಿರ ಹೋಗಬಹುದು. ಒಂದು ಉದ್ದೇಶಕ್ಕೆ ಅಂತ ಹೇಳಿ ಕೊಟ್ಟ ಕಾಣಿಕೆಯನ್ನು ಅದಕ್ಕೇ ಬಳಸಬೇಕು. ದುಡ್ಡಿನ ವಿಷಯದಲ್ಲಿ ಬೇಸರವಿದ್ದರೆ ಸುಮ್ನೆ ಡಬ್ಬಿಗೆ ಹಾಕುವ ಬದಲು ‘ಇದು ಬಡವರ ಔಷಧಿಗೆ’ ಅಂತ ಬರೆದು ಕೊಡಿ. 1983ರ ಕಾನೂನು ಸಂಹಿತೆಯ 212ನೇ ವಿಧಿ ಇನ್ನೂ ಮುಂದೆ ಹೋಗುತ್ತದೆ: ಧರ್ಮಸಭೆಯ ಒಳಿತಿನ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಗುರುಗಳಿಗೆ, ಬಿಷಪರಿಗೆ ತಿಳಿಸುವುದು ನಮ್ಮ ಹಕ್ಕು, ಕೆಲವು ಸಲ ಕರ್ತವ್ಯ ಕೂಡ.

ಹಾಗಾಗಿ ಬರೆಯಿರಿ. ಒಂದು ಪುಟ, ಒಂದೇ ವಿಷಯ, ತಾರೀಕು, ನಡೆದದ್ದು, ನಿಮಗೆ ಬೇಕಾದ ಉತ್ತರ. ಬೈಗುಳ ಬೇಡ. ಒಂದು ಪ್ರತಿ ಇಟ್ಟುಕೊಳ್ಳಿ, ತಿಂಗಳಾದರೂ ಉತ್ತರ ಬರದಿದ್ದರೆ ಮತ್ತೆ ಕಳಿಸಿ. ಇದು ಅಹಂಕಾರ ಅಂತ ಯಾರಾದರೂ ಅಂದರೆ ಸಿಯೆನ್ನಾದ ಸಂತ ಕ್ಯಾಥರೀನ್‌ಳನ್ನು ನೆನೆಯಿರಿ. 14ನೇ ಶತಮಾನದಲ್ಲಿ, ರೋಮ್ ಬಿಟ್ಟು ಬೇರೆ ಕಡೆ ಇದ್ದ ಪೋಪ್ 11ನೇ ಗ್ರೆಗರಿಗೆ ‘ಧೈರ್ಯ ಮಾಡಿ ರೋಮಿಗೆ ವಾಪಸ್ ಬನ್ನಿ’ ಅಂತ ಖಡಕ್ಕಾಗಿ ಬರೆದವಳು ಆಕೆ. 1970ರಲ್ಲಿ ಅದೇ ಧರ್ಮಸಭೆ ಆಕೆಗೆ ತನ್ನ ಆಚಾರ್ಯರ, ಅಂದರೆ ವಿಶ್ವಾಸವನ್ನು ಕಲಿಸಿದ ದೊಡ್ಡ ಸಂತರ, ಸಾಲಿನಲ್ಲಿ ಜಾಗ ಕೊಟ್ಟಿತು.

ಆದರೆ ಲೈಂಗಿಕ ದೌರ್ಜನ್ಯದ ವಿಷಯವಾದರೆ ಪತ್ರ ಬರೆಯುತ್ತಾ ಕೂರಬೇಡಿ. ಮೊದಲು ಪೊಲೀಸರ ಹತ್ತಿರ ಹೋಗಿ. 2019ರಲ್ಲಿ ಪೋಪ್ ಫ್ರಾನ್ಸಿಸ್ ತಂದ ನಿಯಮದ ಪ್ರಕಾರ, ಇಂಥದ್ದು ಗೊತ್ತಾದ ಗುರುಗಳು, ಸಿಸ್ಟರ್‌ಗಳು ಮೇಲಿನವರಿಗೆ ತಿಳಿಸಲೇಬೇಕು, ದೂರು ಕೊಟ್ಟವರಿಗೆ ‘ಬಾಯಿ ಮುಚ್ಚಿಕೊಂಡಿರು’ ಅನ್ನುವಂತಿಲ್ಲ. ಆ ನೋವು ತಿಂದವರು ಚರ್ಚಿನ ಕಡೆ ತಲೆ ಹಾಕದಿದ್ದರೆ ಅವರಿಗೆ ಬುದ್ಧಿ ಹೇಳಲು ಹೋಗಲೇಬೇಡಿ.

ಇನ್ನು ಸಂಶಯ. ಇಲ್ಲೂ ಒಂದಿಷ್ಟು ಬಿಡಿಸಿ ನೋಡಬೇಕು. ಗುರುಗಳು ಮದುವೆಯಾಗಬಾರದು ಅನ್ನುವುದು ಲ್ಯಾಟಿನ್ ವಿಧಿಯ (ರೋಮಿನ ಪದ್ಧತಿ ಅನುಸರಿಸುವ ಸಭೆಯ) ಶಿಸ್ತು, ವಿಶ್ವಾಸದ ಸತ್ಯವಲ್ಲ. ಪೂರ್ವದ ಕಥೋಲಿಕ ಸಭೆಗಳಲ್ಲಿ ಮದುವೆಯಾದ ಗುರುಗಳಿದ್ದಾರೆ. ಪೋಪ್ ಆಡಿದ ಮಾತೆಲ್ಲ ತಪ್ಪಿಲ್ಲದ್ದು ಅಂತಲೂ ಯಾರೂ ಕಲಿಸಿಲ್ಲ. ಎಷ್ಟೋ ಸಲ ನಾವು ಒದ್ದಾಡುವುದು ನಂಬಲೇಬೇಕು ಅಂತ ಯಾರೂ ಹೇಳದ ವಿಷಯಕ್ಕೆ.

ಆದರೂ ನಿಜವಾದ ಸಂಶಯ ಉಳಿಯುತ್ತದೆ, ಅಲ್ವಾ? ಅಮ್ಮ ಹೋದ ಮೇಲೆ ಪೂಜೆಯಲ್ಲಿ ವಿಶ್ವಾಸ ಸಂಗ್ರಹ (ನಾವು ಏನು ನಂಬುತ್ತೇವೆ ಅಂತ ಎಲ್ಲರೂ ಸೇರಿ ಹೇಳುವ ಪಾಠ) ಹೇಳುವಾಗ ‘ಸತ್ತವರ ಪುನರುತ್ಥಾನ’ದ ಹತ್ತಿರ ನನ್ನ ಬಾಯಿ ನಿಂತುಹೋಗುತ್ತಿತ್ತು. ಸುಳ್ಳು ಹೇಳಬಾರದು ಅಂತ ಸುಮ್ಮನಿರುತ್ತಿದ್ದೆ. ಪಕ್ಕದಲ್ಲಿ ಒಬ್ಬರು ಅಜ್ಜಿ, ಕನ್ನಡಕ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಎಲ್ಲರಿಗಿಂತ ಒಂದು ಪದ ಹಿಂದೆ, ಅದೇ ಸಾಲನ್ನು ಹೇಳುತ್ತಿದ್ದರು. ಅವರ ದನಿ ಕೇಳುತ್ತಾ ನಿಲ್ಲುತ್ತಿದ್ದೆ. 325ರಲ್ಲಿ ಬಿಷಪರು ಸೇರಿದ್ದ ನೈಸಿಯಾ ಸಭೆ ಬರೆದ, ಈ ವಿಶ್ವಾಸ ಸಂಗ್ರಹದ ಗ್ರೀಕ್ ಮೂಲ ಶುರುವಾಗುವುದು ‘ನಂಬುತ್ತೇನೆ’ ಅಂತ ಅಲ್ಲ, ‘ನಂಬುತ್ತೇವೆ’ ಅಂತ. ಇದು ಗೊತ್ತಾದ ದಿನ ನನಗೆ ಉಸಿರು ಬಂದ ಹಾಗಾಯಿತು. ನನ್ನಿಂದಾಗದ ಸಾಲನ್ನು ನನ್ನ ಪರವಾಗಿ ಬೇರೆಯವರು ಹೇಳುತ್ತಿದ್ದರು.

ಪ್ರಾರ್ಥನೆ ಬರದಿದ್ದರೆ ಉದ್ದದ್ದಕ್ಕೆ ಹೋಗಬೇಡಿ. ಮಾರ್ಕನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಮಗನನ್ನು ಕರೆತಂದ ತಂದೆ ಯೇಸುವಿಗೆ ನಂಬುತ್ತೇನೆ ಅನ್ನುತ್ತಾನೆ, ಅದೇ ಉಸಿರಿನಲ್ಲಿ ನನ್ನ ಅಪನಂಬಿಕೆಗೆ ನೆರವಾಗು ಅನ್ನುತ್ತಾನೆ. ಮಲಗುವ ಮುಂಚೆ ಅಷ್ಟೇ ಹೇಳಿ. ಯೇಸು ಅವನನ್ನು ಗದರಲಿಲ್ಲ, ಮಗನನ್ನು ಗುಣಪಡಿಸಿದ. ಮದರ್ ತೆರೇಸಾ ದಶಕಗಳ ಕಾಲ ದೇವರು ಹತ್ತಿರವಿಲ್ಲದ ಕತ್ತಲಲ್ಲಿ ಇದ್ದರು ಅಂತ 2007ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ ತಿಳಿಯಿತು.

ಕೊನೆಗೆ, ಇದನ್ನೆಲ್ಲ ಒಬ್ಬರೇ ಇಟ್ಟುಕೊಳ್ಳಬೇಡಿ. ಬೆಚ್ಚಿಬೀಳದೆ, ತಕ್ಷಣ ಉಪದೇಶಕ್ಕಿಳಿಯದೆ ಕೇಳುವ ಒಬ್ಬರು ಸಾಕು. ನಾನು ಪೂಜೆ ಮುಗಿದ ಮೇಲೆ ಆ ಅಜ್ಜಿಗೇ ಹೇಳಿದೆ. ಅವರು ‘ನನಗೂ ಆ ಸಾಲು ಕಷ್ಟ ಕಣಮ್ಮ, ಗಂಡ ಹೋದಾಗಿನಿಂದ’ ಅಂದರು.