ಫ್ಲ್ಯಾಟ್ ಕೊಡುವ ದಿನ ದಾಟಿತೇ? ಬಿಲ್ಡರ್‌ನಿಂದ ಹಣ ಅಥವಾ ಬಡ್ಡಿ ಪಡೆಯುವುದು ಹೀಗೆ

‘ಇನ್ನು ಮೂರೇ ತಿಂಗಳು’ ಎಂಬ ಮಾತನ್ನು ವರ್ಷದಿಂದ ಕೇಳುತ್ತಿದ್ದೀರಾ? ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಸಾಲದ ಕಂತು. ಹೀಗೆ ಕಾಯುವವರ ಕಷ್ಟ ಸಣ್ಣದಲ್ಲ. ಆದರೆ ಮನೆ ಕೊಳ್ಳುವವರ ರಕ್ಷಣೆಗೆ ಬಂದ 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಅಂದರೆ ರೇರಾ ಕಾಯ್ದೆಯ 18ನೇ ಸೆಕ್ಷನ್ ಎರಡು ದಾರಿ ಕೊಟ್ಟಿದೆ. ಮನೆ ಬೇಡ ಎಂದು ಕಟ್ಟಿದ ಹಣವನ್ನು ಬಡ್ಡಿ ಸಮೇತ ವಾಪಸ್ ಕೇಳಬಹುದು. ಮನೆಯೇ ಬೇಕು ಎಂದಾದರೆ, ಅದು ಕೈಗೆ ಸಿಗುವವರೆಗೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಪಡೆಯಬಹುದು. ಯಾವ ದಾರಿ ಎಂದು ಹೇಳಬೇಕಾದವರು ನೀವು, ಬಿಲ್ಡರ್ ಅಲ್ಲ.

ಮೊದಲು ಅಗ್ರಿಮೆಂಟ್ ತೆಗೆದು ಮನೆ ಒಪ್ಪಿಸುವ ದಿನಾಂಕ ನೋಡಿ. ‘ಗ್ರೇಸ್ ಪೀರಿಯಡ್’ ಎಂದು ಕೆಲವು ತಿಂಗಳು ಸೇರಿಸಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ಆಮೇಲೆ ಈ ಕಾಯ್ದೆಯಡಿ ಇರುವ ಕರ್ನಾಟಕ ರೇರಾ ಪ್ರಾಧಿಕಾರದ ವೆಬ್‌ಸೈಟ್‌ನಲ್ಲಿ ಪ್ರಾಜೆಕ್ಟ್ ಹುಡುಕಿ. ಅಲ್ಲಿ ಇನ್ನೂ ಮುಂದಿನ ದಿನಾಂಕ ಕಂಡರೆ ಗಾಬರಿ ಬೇಡ. ಬಿಲ್ಡರ್ ಅಲ್ಲಿ ಹೊಸ ಗಡುವು ತೋರಿಸಿದರೂ, ತಡದ ಲೆಕ್ಕ ಶುರುವಾಗುವುದು ನಿಮ್ಮ ಅಗ್ರಿಮೆಂಟ್ ದಿನಾಂಕದಿಂದಲೇ ಎಂದು ಬಾಂಬೆ ಹೈಕೋರ್ಟ್ 2017ರಲ್ಲಿ ಹೇಳಿದೆ.

ಇನ್ನು ಸೈಟ್‌ಗೆ ಹೋಗಿ ಕಣ್ಣಾರೆ ನೋಡಿ. ಕೆಲಸ ನಡೆಯುತ್ತಿದ್ದರೆ ಬಡ್ಡಿ ಕೇಳಿ ಕಾಯುವುದು ಒಳ್ಳೆಯದು ಅನಿಸುತ್ತದೆ. ಕಂಬಗಳಿಗೆ ತುಕ್ಕು ಹಿಡಿಯುತ್ತಿದ್ದರೆ ಹಣ ವಾಪಸ್ ಕೇಳಿ. ಅಗ್ರಿಮೆಂಟ್ ಪ್ರಕಾರ ತಡವಾಗಿದ್ದರೆ ಈ ಹಕ್ಕಿಗೆ ಯಾವ ಷರತ್ತೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ.

‘ತಡವಾದರೆ ಚದರ ಅಡಿಗೆ ಇಷ್ಟೇ ರೂಪಾಯಿ ಪರಿಹಾರ ಅಂತ ಅಗ್ರಿಮೆಂಟ್‌ನಲ್ಲಿ ಇದೆಯಲ್ಲ’ ಎಂದು ಬಿಲ್ಡರ್ ಕಡೆಯವರು ಹೇಳಬಹುದು. ಸುಮ್ನೆ ಒಪ್ಪಿಕೊಳ್ಳಬೇಡಿ. ಇಂಥ ಏಕಪಕ್ಷೀಯ ಷರತ್ತು ಖರೀದಿದಾರರನ್ನು ಕಟ್ಟಿಹಾಕುವುದಿಲ್ಲ ಎಂದು 2019ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಕರ್ನಾಟಕದ ನಿಯಮದಂತೆ ಬಡ್ಡಿ ಎಂದರೆ ಎಸ್‌ಬಿಐನ ಗರಿಷ್ಠ ಎಂಸಿಎಲ್‌ಆರ್ ದರ (ಬ್ಯಾಂಕ್ ತನ್ನ ಸಾಲಗಳಿಗೆ ಆಧಾರವಾಗಿ ನಿಗದಿ ಮಾಡುವ ಬಡ್ಡಿ ದರ), ಅದರ ಮೇಲೆ ಶೇ 2.

ಎರಡು ತಪ್ಪು ಮಾತ್ರ ಮಾಡಬೇಡಿ. ಸಿಟ್ಟಿನಲ್ಲಿ ಬಿಲ್ಡರ್‌ಗೆ ಕಟ್ಟಬೇಕಾದ ಕಂತು ನಿಲ್ಲಿಸಬೇಡಿ, ಏಕೆಂದರೆ ತಡವಾಗಿ ಕಟ್ಟಿದರೆ ನೀವೂ ಬಡ್ಡಿ ಕೊಡಬೇಕಾಗುತ್ತದೆ. ಹಾಗೆಯೇ ಹೊಸ ದಿನಾಂಕ ಬರೆದ ಪತ್ರಕ್ಕೆ, ‘ಇನ್ನು ಯಾವ ಕ್ಲೇಮ್ ಇಲ್ಲ’ ಎಂಬ ಸಾಲಿಗೆ ಓದದೆ ಸಹಿ ಹಾಕಬೇಡಿ. ಕೀಲಿ ಬೇಗ ಸಿಗಲಿ ಎಂಬ ಆಸೆಗೆ ಎಷ್ಟೋ ಜನ ಹೀಗೆ ಸಹಿ ಮಾಡಿ ಆಮೇಲೆ ಪರದಾಡುತ್ತಾರೆ. ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಎಂಬ ಸ್ವಾಧೀನ ಪ್ರಮಾಣಪತ್ರ) ಇಲ್ಲದೆ ಕೀಲಿ ಕೊಡಲು ಬಂದರೂ ಅವಸರ ಬೇಡ.

ಈಗ ಬಿಲ್ಡರ್‌ಗೆ ನೋಟಿಸ್ ಬರೆಯಿರಿ. ಒಪ್ಪಿದ ದಿನಾಂಕ, ಕಟ್ಟಿದ ಮೊತ್ತ, ನಿಮಗೆ ಬೇಕಾದದ್ದು ಏನು, ಉತ್ತರಕ್ಕೆ ಎಷ್ಟು ದಿನ. ಇಷ್ಟು ಸಾಕು. ಸ್ಪೀಡ್ ಪೋಸ್ಟ್ ಜೊತೆ ಇಮೇಲ್ ಕೂಡ ಇರಲಿ.

ಉತ್ತರ ಬರದಿದ್ದರೆ ಕರ್ನಾಟಕ ರೇರಾದಲ್ಲಿ ಆನ್‌ಲೈನ್ ದೂರು ಹಾಕಿ. ಅಗ್ರಿಮೆಂಟ್, ರಸೀದಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ನೋಟಿಸ್ ಎಲ್ಲವನ್ನೂ ಸೇರಿಸಿ. ವಕೀಲರು ಇರಲೇಬೇಕೆಂದಿಲ್ಲ, ನೀವೇ ವಾದಿಸಬಹುದು. ಹಣ ವಾಪಸ್ ಮತ್ತು ಬಡ್ಡಿಯ ವಿಷಯ ಪ್ರಾಧಿಕಾರವೇ ನೋಡುತ್ತದೆ. ಅದರ ಮೇಲೆ ನಷ್ಟ ಪರಿಹಾರ ಬೇಕಿದ್ದರೆ ರೇರಾದ ತೀರ್ಪು ಅಧಿಕಾರಿಯ (ಅಡ್ಜುಡಿಕೇಟಿಂಗ್ ಆಫೀಸರ್) ಮುಂದೆ ಬೇರೆ ಅರ್ಜಿ ಹಾಕಬೇಕು. ಇದನ್ನು ಬೆರೆಸಿಬಿಟ್ಟರೆ ಸುಮ್ನೆ ತಡವಾಗುತ್ತದೆ.

ರೇರಾ ಬದಲು ಗ್ರಾಹಕ ಆಯೋಗಕ್ಕೂ ಹೋಗಬಹುದು. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ರಾಜ್ಯ ಆಯೋಗ, ಅದಕ್ಕಿಂತ ಜಾಸ್ತಿಯಾದರೆ ರಾಷ್ಟ್ರೀಯ ಆಯೋಗ. ಒಂದೇ ಬೇಡಿಕೆಗೆ ಎರಡೂ ಕಡೆ ದೂರು ಹಾಕುವುದು ಬೇಡ.

ಆದೇಶ ಬಂದ ಮೇಲೂ ಹಣ ಬರದಿದ್ದರೆ? ನಿಜವಾದ ಪರದಾಟ ಇರುವುದೇ ಇಲ್ಲಿ. 40ನೇ ಸೆಕ್ಷನ್ ಅಡಿ ಆ ಮೊತ್ತವನ್ನು ಭೂಕಂದಾಯ ಬಾಕಿಯಂತೆ ವಸೂಲಿ ಮಾಡಬಹುದು. ಹಾಗಾಗಿ ಸುಮ್ಮನೆ ಕೂರದೆ ವಸೂಲಿಗೆ ಅರ್ಜಿ ಹಾಕಿ, ಕಂದಾಯ ಇಲಾಖೆಯಲ್ಲಿ ಕಡತ ಎಲ್ಲಿದೆ ಎಂದು ವಿಚಾರಿಸುತ್ತಲೇ ಇರಿ. ಬಿಲ್ಡರ್ ಮೇಲ್ಮನವಿ ಹಾಕಿದರೂ, ನಿಮಗೆ ಕೊಡಬೇಕಾದ ಪೂರ್ತಿ ಮೊತ್ತವನ್ನು ಮೊದಲು ರೇರಾ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಠೇವಣಿ ಇಡಬೇಕು. ಆಮೇಲೆಯೇ ಅವರ ಮೇಲ್ಮನವಿಯ ವಿಚಾರಣೆ.