ಅವಧಿ ವಿಸ್ತರಣೆಯ ಅರ್ಜಿಯಲ್ಲಿ ನಾನು ಸೇರಿಸಿದ ಎರಡು ಸಾಲು

ಸರ್ಕಾರಿ ಇಲಾಖೆಯಿಂದ ನಾನು ಗುತ್ತಿಗೆ ಹಿಡಿದಿದ್ದ ಸೇತುವೆ ಕಾಮಗಾರಿಗೆ ಜಾಗ ನನ್ನ ವಶಕ್ಕೆ ಬಂದದ್ದೇ ತಡವಾಗಿ. ಭೂಸ್ವಾಧೀನ ಮುಗಿದಿರಲಿಲ್ಲ, ವಿದ್ಯುತ್ ಕಂಬಗಳು ನಿಂತಲ್ಲೇ ನಿಂತಿದ್ದವು, ನಕ್ಷೆಗಳು ಕಂತುಗಳಲ್ಲಿ ಬರುತ್ತಿದ್ದವು. ಇಂಥ ಹೊತ್ತಿನಲ್ಲಿ ಗುತ್ತಿಗೆದಾರರು ಸಾಮಾನ್ಯವಾಗಿ ಅವಧಿ ವಿಸ್ತರಣೆಗೊಂದು ಅರ್ಜಿ ಕೊಟ್ಟು, ದಂಡ ಹಾಕದಿದ್ದರೆ ಸಾಕೆಂದು ಕೈಮುಗಿಯುತ್ತಾರೆ. ನಾನು ಅದೇ ಅರ್ಜಿಗೆ ಎರಡು ಸಾಲು ಸೇರಿಸಿದೆ: ಈ ವಿಳಂಬಕ್ಕೆ ಇಲಾಖೆಯೇ ಹೊಣೆ, ವಿಸ್ತರಿಸಿದ ಅವಧಿಯ ಕೆಲಸಕ್ಕೆ ಹೆಚ್ಚಿದ ದರವನ್ನೂ ಸುಮ್ಮನೆ ನಿಂತ ಯಂತ್ರಗಳ ವೆಚ್ಚವನ್ನೂ ಇಲಾಖೆ ಕೊಡಬೇಕಾಗುತ್ತದೆ.

ಆ ಸಾಲುಗಳನ್ನು ತೆಗೆದು ಬೇರೆ ಅರ್ಜಿ ಕೊಡಿ ಎಂದು ಕಚೇರಿಯಿಂದ ಬಾಯಿಮಾತಿನ ಸೂಚನೆ ಬಂತು. ಅದನ್ನೇ ಬರೆದು ಕೊಡಿ ಎಂದೆ. ಯಾರೂ ಬರೆದು ಕೊಡಲಿಲ್ಲ.

ನಾನು ಹಟ ಹಿಡಿದದ್ದಕ್ಕೆ ಕಾರಣ 1872ರ ಕರಾರು ಕಾಯ್ದೆಯ 55ನೇ ಕಲಂ. ಎದುರಿನವರು ತಮ್ಮ ಪಾಲಿನ ಕೆಲಸವನ್ನು ತಡವಾಗಿ ಮಾಡಿದಾಗ ನಾವು ಅದನ್ನು ಒಪ್ಪಿಕೊಂಡು ಮುಂದುವರಿದರೆ, ಒಪ್ಪುವಾಗಲೇ ನೋಟಿಸ್ ಕೊಟ್ಟಿರಬೇಕು. ಇಲ್ಲದಿದ್ದರೆ ಆ ತಡಕ್ಕೆ ಪರಿಹಾರ ಕೇಳುವಂತಿಲ್ಲ. ಉತ್ತರ ರೈಲ್ವೆ ಮತ್ತು ಸರ್ವೇಶ್ ಚೋಪ್ರಾ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗುತ್ತಿಗೆದಾರರಿಗೇ ಅನ್ವಯಿಸಿ ಹೇಳಿತು. ಹೆಚ್ಚಿನ ದರ ಕೊಡಬೇಕಾಗುತ್ತದೆಂದು ಗುತ್ತಿಗೆದಾರ ಸ್ಪಷ್ಟವಾಗಿ ತಿಳಿಸಿದ ಮೇಲೂ ಕೆಲಸ ಮಾಡಿಸಿಕೊಂಡಿದ್ದರೆ ಬೇಡಿಕೆ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ವಕೀಲರು ಬರೆಯುವ ಹತ್ತು ಪುಟಗಳ ನೋಟಿಸಿಗೆ ಈ ಶಕ್ತಿ ಇಲ್ಲ.

ಅಂತಿಮ ಬಿಲ್ಲಿನ ಹಣದಿಂದ ಇಲಾಖೆ ವಿಳಂಬದ ದಂಡವನ್ನು ಮುರಿದುಕೊಂಡಿತು. ದಂಡದ ಬಗ್ಗೆ ಎಂಜಿನಿಯರರ ತೀರ್ಮಾನವೇ ಅಂತಿಮ ಎಂದು ಕರಾರಿನಲ್ಲಿತ್ತು. ಆದರೆ ದಂಡ ಎಷ್ಟು ಎಂಬುದು ಬೇರೆ, ತಪ್ಪು ಯಾರದು ಎಂಬುದು ಬೇರೆ. ಎರಡನೆಯದನ್ನು ಒಂದು ಪಕ್ಷವೇ ತೀರ್ಮಾನಿಸುವಂತಿಲ್ಲ ಎಂದು ಜೆ.ಜಿ. ಎಂಜಿನಿಯರ್ಸ್ ಪ್ರಕರಣದ 2011ರ ಸುಪ್ರೀಂ ಕೋರ್ಟ್ ತೀರ್ಪು ಹೇಳುತ್ತದೆ. ನನ್ನ ಇಡೀ ವಾದ ನಿಂತದ್ದು ಅದರ ಮೇಲೆ. ಹಣ ಕೊಡುವ ಮುನ್ನ ‘ಇನ್ನಾವ ಬಾಕಿಯೂ ಇಲ್ಲ’ ಎಂಬ ಪತ್ರಕ್ಕೂ ಸಹಿ ಕೇಳಿದರು. ಕಾರ್ಮಿಕರ ಕೂಲಿ ನಿಂತಿತ್ತು, ಸಹಿ ಮಾಡಿದೆ. ಆದರೆ ಒತ್ತಾಯದಿಂದ ಮಾಡಿದ್ದೇನೆಂದು ಅಂದೇ ನೋಂದಾಯಿತ ಅಂಚೆಯಲ್ಲಿ ತಿಳಿಸಿದೆ. ಒತ್ತಡದಲ್ಲಿ ಪಡೆದ ಇಂಥ ಪತ್ರ ವ್ಯಾಜ್ಯವನ್ನು ಮುಗಿಸುವುದಿಲ್ಲ ಎಂಬುದಕ್ಕೆ ಬೋಘಾರಾ ಪಾಲಿಫ್ಯಾಬ್ ತೀರ್ಪಿದೆ. ಒತ್ತಡವಿತ್ತೆಂದು ತೋರಿಸುವ ಹೊರೆ ಮಾತ್ರ ನಮ್ಮದೇ.

ಆಮೇಲೆ ನೆನಪೋಲೆ ಬರೆಯುತ್ತಾ ಕೂರದೆ ಮಧ್ಯಸ್ಥಿಕೆಗೆ, ಅಂದರೆ ಕೋರ್ಟಿನ ಬದಲು ಮಧ್ಯಸ್ಥಗಾರರು ತೀರ್ಪು ಕೊಡುವ ವ್ಯವಸ್ಥೆಗೆ, ನೋಟಿಸ್ ಕೊಟ್ಟೆ. ಬೇಡಿಕೆ ಇಡಲು ಇರುವ ಮೂರು ವರ್ಷದ ಕಾಲಮಿತಿ ಬರಿಯ ಪತ್ರ ವ್ಯವಹಾರದಿಂದ ಹಿಗ್ಗುವುದಿಲ್ಲವೆಂದು 2019ರ ಜಿಯೋ ಮಿಲ್ಲರ್ ತೀರ್ಪು ಖಚಿತಪಡಿಸಿದೆ. ಬಾಕಿ ಇದೆಯೆಂದು ಅವಧಿಯೊಳಗೆ ಇಲಾಖೆಯೇ ಬರೆದು ಸಹಿ ಹಾಕಿದರೆ ಆ ಮಾತು ಬೇರೆ. ಅಂಥ ಉದಾರತೆಯನ್ನು ನಾನು ಕಂಡಿಲ್ಲ. 1996ರ ಮಧ್ಯಸ್ಥಿಕೆ ಕಾಯ್ದೆಯ 21ನೇ ಕಲಂ ಪ್ರಕಾರ ನೋಟಿಸ್ ಎದುರಿನವರ ಕೈಸೇರಿದ ದಿನದಿಂದ ಮಧ್ಯಸ್ಥಿಕೆ ಆರಂಭವಾಗುತ್ತದೆ. ಹಾಗಾಗಿ ಸ್ವೀಕೃತಿ ಚೀಟಿಯನ್ನು ಜೋಪಾನ ಮಾಡಿದೆ.

ಮಧ್ಯಸ್ಥಗಾರರನ್ನು ಇಲಾಖೆಯೇ ನೇಮಿಸುವುದೆಂದು ಕರಾರಿನಲ್ಲಿತ್ತು. ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವವರೇ ಮಧ್ಯಸ್ಥಗಾರರನ್ನು ಏಕಪಕ್ಷೀಯವಾಗಿ ನೇಮಿಸುವಂತಿಲ್ಲ ಎಂಬ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪನ್ನು ಮುಂದಿಟ್ಟು ಹೈಕೋರ್ಟಿಗೆ ಹೋದೆ, ನ್ಯಾಯಾಲಯವೇ ನೇಮಿಸಿತು. ಏಕಪಕ್ಷೀಯ ನೇಮಕವನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಒಪ್ಪಲಿಲ್ಲ.

ಮಧ್ಯಸ್ಥಗಾರರ ತೀರ್ಪಿನಲ್ಲಿ ದಂಡ ರದ್ದಾಯಿತು, ದರ ಹೆಚ್ಚಳ ಸಿಕ್ಕಿತು. ಯಂತ್ರಗಳ ವೆಚ್ಚದಲ್ಲಿ ದಿನವಹಿ ಪುಸ್ತಕದಲ್ಲಿ ಕಿರಿಯ ಎಂಜಿನಿಯರ್ ಸಹಿ ಇದ್ದ ದಿನಗಳಿಗೆ ಮಾತ್ರ ಹಣ ಬಂತು. ಲಾಭ ನಷ್ಟವಾಯಿತೆಂಬ ನನ್ನ ಬೇಡಿಕೆ ಪುರಾವೆಯಿಲ್ಲವೆಂದು ಬಿದ್ದುಹೋಯಿತು. ಅದು ಸರಿಯೇ ಎಂದು ನನಗೂ ಅನಿಸುತ್ತದೆ. ಇಲಾಖೆ ಮಧ್ಯಸ್ಥಿಕೆ ಕಾಯ್ದೆಯ 34ನೇ ಕಲಂ ಅಡಿ ಈ ತೀರ್ಪನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದೆ. ಅರ್ಜಿ ಹಾಕಿದ ಮಾತ್ರಕ್ಕೆ ತಡೆಯಾಜ್ಞೆ ತಾನಾಗಿ ಸಿಗುವ ಕಾಲ ಈಗಿಲ್ಲ. ಮೊತ್ತವನ್ನು ಠೇವಣಿ ಇಡಲು ನ್ಯಾಯಾಲಯ ಹೇಳಿತು. ಬ್ಯಾಂಕ್ ಖಾತರಿ ಕೊಟ್ಟು ಆ ಹಣ ಪಡೆದುಕೊಂಡಿದ್ದೇನೆ. ಅರ್ಜಿಯ ವಿಚಾರಣೆ ಇನ್ನೂ ನಡೆಯುತ್ತಿದೆ.