ಸದ್ದಿಲ್ಲದ ಲೂಟ್: ಟಾರ್ಕೋವ್‌ನಲ್ಲಿ ಚೀಲ ತುಂಬಿಸಿಕೊಂಡು ಹೊರಬೀಳುವ ನನ್ನ ಲೆಕ್ಕ

ಎಕ್ಸ್‌ಟ್ರಾಕ್ಷನ್ ಶೂಟರ್ ಅಂದರೆ ಒಳಗೆ ಹೋಗಿ, ಸಾಮಾನು ದೋಚಿ, ಜೀವ ಉಳಿಸಿಕೊಂಡು ಹೊರಬರುವ ಗುಂಡಿನ ವಿಡಿಯೋ ಆಟ. ಇದರಲ್ಲಿ ಎಷ್ಟು ಜನರನ್ನು ಹೊಡೆದೆ ಅನ್ನುವುದಕ್ಕಿಂತ ಏನನ್ನು ಹೊರಗೆ ತಂದೆ ಅನ್ನುವುದೇ ಮುಖ್ಯ. ಸತ್ತರೆ ಮೈಮೇಲಿನದ್ದೂ ಹೋಯಿತು, ಚೀಲದಲ್ಲಿದ್ದದ್ದೂ ಹೋಯಿತು. ಹಾಗಾಗಿ ‘ಎಸ್ಕೇಪ್ ಫ್ರಮ್ ಟಾರ್ಕೋವ್’ನಲ್ಲಿ ಒಂದೂ ಗುಂಡು ಹಾರಿಸದೆ ಮುಗಿದ ರೇಡೇ (ಒಳಹೋಗಿ ಹೊರಬರುವ ಒಂದು ಸುತ್ತು) ನನಗೆ ಒಳ್ಳೆಯ ರೇಡ್. ಇದನ್ನು ‘ರ‍್ಯಾಟ್’ ಆಟ ಅಂತ ಗೇಲಿ ಮಾಡುವವರಿದ್ದಾರೆ. ಮಾಡಿಕೊಳ್ಳಲಿ, ಇಲಿಯ ಸ್ಟ್ಯಾಶ್ (ಸಾಮಾನು ಕೂಡಿಡುವ ಗೋದಾಮು) ಖಾಲಿ ಇರುವುದಿಲ್ಲ.

ಒಳಗೆ ಹೋಗುವಾಗ ಒಯ್ಯುವುದು ಕಡಿಮೆ. ಅಗ್ಗದ ಗನ್, ಎರಡು ಮ್ಯಾಗಜಿನ್, ರಕ್ತ ನಿಲ್ಲಿಸುವ ಸಾಮಾನು, ಒಂದು ಪೇನ್‌ಕಿಲ್ಲರ್ (ಕಾಲು ಮುರಿದರೂ ಓಡಬಹುದು), ಕೈಲಾದಷ್ಟು ದೊಡ್ಡ ಬ್ಯಾಗ್. ಜಿಪುಣತನ ಮಾಡಬಾರದ್ದು ಹೆಡ್‌ಸೆಟ್ ಒಂದರಲ್ಲೇ. ದೂರದ ಹೆಜ್ಜೆಯ ಸದ್ದನ್ನು ಅದು ಹತ್ತಿರ ತರುತ್ತದೆ, ಈ ಆಟದಲ್ಲಿ ಕಣ್ಣಿಗಿಂತ ಕಿವಿ ಮೊದಲು ಎಚ್ಚರಿಸುತ್ತದೆ. ಎಲ್ಲಕ್ಕೂ ಇನ್ಶೂರೆನ್ಸ್ ಮಾಡಿಸುತ್ತೇನೆ. ನಾನು ಸತ್ತರೂ ಅಗ್ಗದ ಗನ್ನನ್ನು ಯಾರೂ ಹೊತ್ತೊಯ್ಯುವುದಿಲ್ಲ, ಅದು ವಾಪಸ್ ಬರುತ್ತದೆ. ಒಳಗೆ ಒಳ್ಳೆಯ ಗನ್ ಸಿಕ್ಕರೆ ನನ್ನದನ್ನು ಪೊದೆಯೊಳಗೆ ಎಸೆದುಬಿಡುತ್ತೇನೆ. ಯಾರ ಕಣ್ಣಿಗೂ ಬೀಳದಿದ್ದರೆ ಅದೂ ಇನ್ಶೂರೆನ್ಸ್‌ನಲ್ಲಿ ಬರುತ್ತದೆ.

ರೇಡ್ ಶುರುವಾದ ತಕ್ಷಣ ‘ಓ’ ಕೀ ಎರಡು ಸಲ ಒತ್ತಿ ಹೊರದಾರಿಗಳ ಪಟ್ಟಿ ನೋಡಿಕೊಳ್ಳಬೇಕು. ಕಸ್ಟಮ್ಸ್ ಮ್ಯಾಪ್‌ನಲ್ಲಿ ಬಿಗ್ ರೆಡ್ ಗೋದಾಮಿನ ಕಡೆ ಸ್ಪಾನ್ ಆದರೆ (ಅಲ್ಲಿಂದ ಆಟ ಶುರುವಾದರೆ) ದಾರಿ ಎದುರು ತುದಿಯ ಝಡ್‌ಬಿ-1011 ಅನ್ನುವ ಹೊರದಾರಿಗೆ. ಆ ತುದಿಯಲ್ಲಿ ಸ್ಪಾನ್ ಆದರೆ ಕ್ರಾಸ್‌ರೋಡ್ಸ್‌ಗೆ. ಅಂದರೆ ಮ್ಯಾಪನ್ನು ಅಡ್ಡ ಹಾಯಲೇಬೇಕು. ಮೊದಲ ಹತ್ತು ನಿಮಿಷ ಡಾರ್ಮ್ಸ್ (ಹಾಸ್ಟೆಲ್ ಕಟ್ಟಡಗಳು) ಥರದ ಜಾಗಗಳಲ್ಲಿ ಹೊಡೆದಾಟ. ಆ ಹೊತ್ತಿನಲ್ಲಿ ನಾನು ಮ್ಯಾಪ್‌ನ ಅಂಚು ಹಿಡಿದು, ನೆಲದಲ್ಲಿ ಹೂತಿಟ್ಟ ಸಾಮಾನಿನ ಪೆಟ್ಟಿಗೆಗಳನ್ನು ತೆರೆಯುತ್ತಾ ಸಾಗುತ್ತೇನೆ. ಗುಂಡಿನ ಸದ್ದು ನಿಂತ ಮೇಲೂ ಮೂರು ನಾಲ್ಕು ನಿಮಿಷ ಕಾಯುತ್ತೇನೆ, ಗೆದ್ದವನು ಇನ್ನೂ ಹೆಣಗಳ ಜೇಬು ತಡಕುತ್ತಿರುತ್ತಾನೆ. ಹಾಗೆಂದು ಕಾಯುತ್ತಲೇ ಕೂರುವಂತೆಯೂ ಇಲ್ಲ. ರೇಡ್ ಅರ್ಧಕ್ಕೆ ಬರುವಷ್ಟರಲ್ಲಿ ಸ್ಕ್ಯಾವ್ ಆಟಗಾರರು (ಆಟವೇ ಕೊಟ್ಟ ಸಾಮಾನು ಹಿಡಿದು ಬರುವ ಲೂಟಿಕೋರ ಪಾತ್ರದವರು) ಒಳಗೆ ಬರತೊಡಗುತ್ತಾರೆ, ಕಳೆದುಕೊಳ್ಳಲು ಅವರ ಹತ್ತಿರ ಏನೂ ಇರುವುದಿಲ್ಲ.

ಲೂಟ್ ಮಾಡುವ ಗಳಿಗೆಯೇ ಅತ್ಯಂತ ಅಪಾಯದ್ದು. ಪೆಟ್ಟಿಗೆ ಹುಡುಕುವಾಗ ಸಾಮಾನು ಒಂದೊಂದಾಗಿ ಕಾಣಿಸಿಕೊಳ್ಳುತ್ತದೆ, ಪರದೆ ತುಂಬಾ ಇನ್ವೆಂಟರಿ ಹರಡಿಕೊಂಡಿರುತ್ತದೆ, ತಡಕಾಡುವ ಸರಸರ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ. ನನ್ನ ಕ್ರಮ ಹೀಗೆ: ಬಾಗಿಲ ಹೊರಗೇ ನಿಂತು ಮನಸ್ಸಿನಲ್ಲಿ ಹದಿನೈದು ಎಣಿಸುವುದು, ಮೌಸ್ ಚಕ್ರ ತಿರುಗಿಸಿ ನಡಿಗೆಯ ವೇಗವನ್ನು ತೀರಾ ತಗ್ಗಿಸುವುದು, ಒಳಗೆ ಹೋಗಿ ಬಾಗಿಲು ಮುಚ್ಚುವುದು. ಮುಚ್ಚಿದ ಬಾಗಿಲನ್ನು ಯಾರಾದರೂ ತೆರೆದರೆ ಸದ್ದೇ ಹೇಳುತ್ತದೆ. ಎರಡು ಸಾಮಾನು ಕಂಡೊಡನೆ ಪರದೆ ಮುಚ್ಚಿ ಒಮ್ಮೆ ಸುತ್ತ ನೋಡಿ, ಮತ್ತೆ ತೆರೆಯುತ್ತೇನೆ. ಒಡೆದ ಗಾಜು, ತಗಡು, ಪೊದೆ ಈ ಮೂರೂ ಶತ್ರುಗಳು. ಅವುಗಳ ಮೇಲೆ ನಿಧಾನಕ್ಕೆ ಕಾಲಿಟ್ಟರೂ ಸದ್ದು ಪೂರ್ತಿ ಅಡಗುವುದಿಲ್ಲ, ಬಳಸಿಕೊಂಡು ಹೋಗುವುದೇ ಮೇಲು.

ಯಾವುದನ್ನು ಎತ್ತಬೇಕು? ಸಾಮಾನಿನ ಬೆಲೆಯನ್ನಲ್ಲ, ಸ್ಲಾಟ್‌ಗೆ (ಬ್ಯಾಗಿನ ಒಂದು ಚೌಕಕ್ಕೆ) ಎಷ್ಟು ಬೀಳುತ್ತದೆ ಅನ್ನುವುದನ್ನು ನೋಡಬೇಕು. ಗ್ರಾಫಿಕ್ಸ್ ಕಾರ್ಡ್ ಹಿಡಿಯುವುದು ಎರಡೇ ಸ್ಲಾಟ್, ಕಾರ್ ಬ್ಯಾಟರಿ ಆರು ಸ್ಲಾಟ್ ನುಂಗುತ್ತದೆ, ಮೇಲೆ ತೂಕ ಬೇರೆ. ತೂಕ ಮಿತಿ ಮೀರಿದರೆ ಸ್ಟ್ಯಾಮಿನಾ ಬೇಗ ಇಳಿಯುತ್ತದೆ, ಹೆಜ್ಜೆಯ ಸದ್ದೂ ಏರುತ್ತದೆ. ನನ್ನ ಗೆರೆ ಸ್ಲಾಟ್‌ಗೆ ಹತ್ತು ಸಾವಿರ ರೂಬಲ್. ಬ್ಯಾಗ್ ತುಂಬುತ್ತಾ ಬಂದಂತೆ ಆ ಗೆರೆಯನ್ನು ಮೇಲೆ ಸರಿಸಿ, ಕೆಳಗಿನದನ್ನು ಎಸೆಯುತ್ತಾ ಹೋಗುತ್ತೇನೆ. ಬೆಲೆಬಾಳುವ ಸಣ್ಣ ಸಾಮಾನು ಸಿಕ್ಕ ಕೂಡಲೇ ಸೆಕ್ಯೂರ್ ಕಂಟೇನರ್‌ಗೆ. ಸತ್ತರೂ ಉಳಿಯುವ ಲೂಟ್ ಅದರೊಳಗಿನದ್ದು ಮಾತ್ರ. ಆಲ್ಫಾ ಅನ್ನುವ ಕಂಟೇನರ್‌ನಲ್ಲಿ 4 ಸ್ಲಾಟ್, ಗಾಮಾದಲ್ಲಿ 9. ‘ಆಮೇಲೆ ಹಾಕಿಕೊಂಡರಾಯಿತು’ ಅಂದುಕೊಂಡವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ.

ಕೈಯಲ್ಲಿ ದುಡ್ಡಿಲ್ಲದಿದ್ದರೆ ಸ್ಕ್ಯಾವ್ ಆಗಿ ಹೋಗುವುದು ಉತ್ತಮ. ಉಡುಪು, ಗನ್ ಎಲ್ಲ ಆಟವೇ ಕೊಡುತ್ತದೆ, ತಂದದ್ದೆಲ್ಲ ನಿಮ್ಮದು. ಕಂಪ್ಯೂಟರ್ ಸ್ಕ್ಯಾವ್‌ಗಳು ಸಾಮಾನ್ಯವಾಗಿ ನಿಮ್ಮ ತಂಟೆಗೆ ಬರುವುದಿಲ್ಲ, ಆದರೆ ಅವರಲ್ಲಿ ಒಬ್ಬನನ್ನು ಸುಮ್ಮನೆ ಕೊಂದರೆ ಫೆನ್ಸ್ ಅನ್ನುವ ವ್ಯಾಪಾರಿಯ ಹತ್ತಿರ ನಿಮ್ಮ ಮರ್ಯಾದೆ ಇಳಿಯುತ್ತದೆ. ಸ್ಕ್ಯಾವ್‌ಗೆ ಸೆಕ್ಯೂರ್ ಕಂಟೇನರ್ ಇಲ್ಲ ಅನ್ನುವುದು ನೆನಪಿರಲಿ.

2025ರಲ್ಲಿ ಬಂದ ‘ಆರ್ಕ್ ರೈಡರ್ಸ್’ನಲ್ಲೂ ಇದೇ ಲೆಕ್ಕ ನಡೆಯುತ್ತದೆ, ಒಂದೆರಡು ವ್ಯತ್ಯಾಸ ಬಿಟ್ಟು. ಅಲ್ಲಿ ಬೀಗ ಮುರಿದು ತೆರೆಯುವ ಪೆಟ್ಟಿಗೆಗಳು ಜೋರಾಗಿ ಸದ್ದು ಮಾಡುತ್ತವೆ. ಹೊರಹೋಗುವ ಲಿಫ್ಟ್ ಕರೆದರೆ ಸುತ್ತಮುತ್ತಲಿನವರಿಗೆಲ್ಲ ಕೇಳುತ್ತದೆ. ಅದಕ್ಕೇ ರೈಡರ್ ಹ್ಯಾಚ್ ಅನ್ನುವ ನೆಲದ ಬಾಗಿಲಿನ ಕೀಲಿ ಒಂದು ಜೇಬಿನಲ್ಲಿದ್ದರೆ ಸದ್ದಿಲ್ಲದೆ ಜಾರಿಕೊಳ್ಳಬಹುದು.

ಟಾರ್ಕೋವ್‌ಗೆ ಮರಳಿದರೆ, ತುಂಬಿದ ಬ್ಯಾಗ್ ಹೊತ್ತವರು ಹೆಚ್ಚಾಗಿ ಸಾಯುವುದು ಹೊರದಾರಿಯ ಕೊನೆಯ ಐವತ್ತು ಮೀಟರ್‌ನಲ್ಲಿ. ನೇರ ರಸ್ತೆ ಬಿಟ್ಟು ಪಕ್ಕದಿಂದ ಬನ್ನಿ, ಮರೆಯಲ್ಲಿ ಎರಡು ನಿಮಿಷ ಕುಳಿತು ಪೊದೆ ಅಲುಗುತ್ತದೆಯೇ ನೋಡಿ. ಐದು ನಿಮಿಷ ಉಳಿದಿರುವಾಗ ಹೊರಟರೆ ಹೀಗೆ ಕೂರಲು ಸಮಯವೇ ಇರುವುದಿಲ್ಲ. ನಾನು ಹದಿನೈದು ನಿಮಿಷ ಇರುವಾಗಲೇ ಆ ಕಡೆ ತಿರುಗುತ್ತೇನೆ. ತೀರಾ ಬೇಗ ಹೊರಬಿದ್ದರೂ ತೊಂದರೆ: ‘ರನ್ ಥ್ರೂ’ ಅಂತ ಬಂದು ಸಾಮಾನಿನ ‘ಫೌಂಡ್ ಇನ್ ರೇಡ್’ (ರೇಡ್‌ನಲ್ಲೇ ಸಿಕ್ಕಿದ್ದು) ಗುರುತು ಅಳಿಸಿಹೋಗುತ್ತದೆ, ಆ ಗುರುತು ಕೇಳುವ ಟಾಸ್ಕ್‌ಗಳಿಗೆ ಅದನ್ನು ಕೊಡಲು ಬರುವುದಿಲ್ಲ. ಹೊರದಾರಿಯಲ್ಲಿ ಸೆಕೆಂಡ್‌ಗಳು ಇಳಿಯುತ್ತಿರುವಾಗ ನಾನು ಮಲಗಿಯೇ ಇರುತ್ತೇನೆ, ಬಂದ ದಾರಿಯತ್ತ ಗನ್ ಹಿಡಿದು.